ಪ್ರೌಢಶಾಲೆಯಲ್ಲಿ ಉತ್ಪರಿವರ್ತನೆಯ ಪಾಠ: ಬಜಪೆ ಮತ್ತು ಕರಾವಳಿ ಕರ್ನಾಟಕ

ಜೀವಕೋಶದ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಬೇಸ್‌ಗಳು ಒಂದರ ಮುಂದೊಂದು ಸಾಲುಗಟ್ಟಿರುತ್ತವೆ. ಈ ಸಾಲಿನಲ್ಲಿ ಆಗಿ ಉಳಿದುಬಿಡುವ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ಅದು ಒಂದು ಬೇಸ್ ಅದಲುಬದಲಾದಷ್ಟು ಸಣ್ಣದಿರಬಹುದು, ಇಡೀ ಕ್ರೋಮೋಸೋಮ್ ಹೆಚ್ಚುಕಡಿಮೆಯಾದಷ್ಟು ದೊಡ್ಡದೂ ಇರಬಹುದು. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆತಾಯಿಯರ ದೇಹಕೋಶಗಳಲ್ಲಿ ಇಲ್ಲದ ಸುಮಾರು 60-70 ಹೊಸ ಬದಲಾವಣೆಗಳಿರುತ್ತವೆ. ಬಹುಪಾಲು ಯಾರ ಗಮನಕ್ಕೂ ಬಾರದೆ ಹೋಗುತ್ತವೆ. ಮಂಗಳೂರು ವಿಮಾನ ನಿಲ್ದಾಣದಿಂದ ಹೆಸರಾದ ಬಜಪೆಯಂಥ ಊರಿನ ತರಗತಿಯಲ್ಲಿ ಈ ಪಾಠ ನಡೆಯುವಾಗ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಇಲ್ಲವೇ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವರು. ಸುತ್ತ ಗದ್ದೆ, ಅಡಿಕೆ ತೋಟ, ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ಉತ್ಪರಿವರ್ತನೆಯ ಅತ್ಯುತ್ತಮ ಉದಾಹರಣೆಗಳು ಈ ಪರಿಸರದಲ್ಲೇ ಇವೆ. ಪಿಯುಸಿ ಪಠ್ಯಪುಸ್ತಕ ಮಾತ್ರ ಕಾಯಿಲೆಯಿಂದಲೇ ಆರಂಭಿಸುತ್ತದೆ. ಉತ್ಪರಿವರ್ತನೆ ಎಂದರೆ ದೋಷ ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದಕ್ಕೆ ಈ ಆರಂಭವೇ ಮುಖ್ಯ ಕಾರಣವೆನ್ನಬೇಕು.

ಪಠ್ಯಪುಸ್ತಕದಲ್ಲಿ

ಕರ್ನಾಟಕದ ಹತ್ತನೆಯ ತರಗತಿ ವಿಜ್ಞಾನಕ್ಕೆ ಈಗ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಅದರಲ್ಲಿ ಉತ್ಪರಿವರ್ತನೆಗೆ ಪ್ರತ್ಯೇಕ ಪಾಠವಿಲ್ಲ. ಸಂತಾನೋತ್ಪತ್ತಿಯ ಪಾಠದಲ್ಲಿ ಡಿಎನ್‌ಎ ನಕಲಾಗುವಾಗ ಸಣ್ಣ ವ್ಯತ್ಯಾಸಗಳು ನುಸುಳುತ್ತವೆ ಎಂಬ ಮಾತು ಬರುತ್ತದೆ. ಅನುವಂಶೀಯತೆಯ ಪಾಠ ಮೆಂಡೆಲನ ಬಟಾಣಿಗೆ ಹೊರಳುತ್ತದೆ. ಈ ಎರಡನ್ನು ಬೆಸೆಯುತ್ತಿದ್ದ ಜೀವವಿಕಾಸದ ಭಾಗವನ್ನು ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಕೈಬಿಟ್ಟಿತು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ವಿರೋಧದಲ್ಲಿ ಹುರುಳಿತ್ತು. ವ್ಯತ್ಯಾಸ ಹೇಗೆ ಹುಟ್ಟುತ್ತದೆ ಎಂದು ಹೇಳಿ, ಅದರಿಂದ ಮುಂದೇನಾಗುತ್ತದೆ ಎಂಬುದನ್ನು ಹೇಳದಿದ್ದರೆ ಮೊದಲನೆಯ ಮಾತು ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ.

ವಿಷಯ ನಿಜವಾಗಿ ತೆರೆದುಕೊಳ್ಳುವುದು ದ್ವಿತೀಯ ಪಿಯುಸಿಯಲ್ಲಿ. ಕುಡುಗೋಲು ಕಣ ರಕ್ತಹೀನತೆ, ಹೀಮೋಫೀಲಿಯಾ, ವರ್ಣಾಂಧತೆ, ಥಲಸ್ಸೀಮಿಯಾ, ಡೌನ್, ಟರ್ನರ್, ಕ್ಲೈನ್‌ಫೆಲ್ಟರ್ ಸಿಂಡ್ರೋಮ್‌ಗಳೆಲ್ಲ ಕೆಲವೇ ಪುಟಗಳಲ್ಲಿ ಮೆರವಣಿಗೆ ಹೊರಡುತ್ತವೆ. ನೀಟ್ ಪರೀಕ್ಷೆಯ ನೆರಳಿನಲ್ಲಿ ಅದು ಬಾಯಿಪಾಠದ ಪಟ್ಟಿಯಾಗುತ್ತದೆ: 47, 45, ಎಕ್ಸ್‌ಎಕ್ಸ್‌ವೈ, ಎಕ್ಸ್‌ಒ. ಹತ್ತನೆಯ ತರಗತಿಯಲ್ಲಿ ಕೋಡಾನ್ ಎಂಬ ಮಾತನ್ನೇ ಕೇಳದ ವಿದ್ಯಾರ್ಥಿಗೆ ಎರಡು ವರ್ಷದೊಳಗೆ ಕುಡುಗೋಲು ಕಣದಲ್ಲಿ ಆರನೆಯ ಅಮೈನೊ ಆಮ್ಲ ಬದಲಾದದ್ದು ಅರ್ಥವಾಗಬೇಕೆಂಬ ನಿರೀಕ್ಷೆ. ನಡುವಣ ಕಂದಕವನ್ನು ತುಂಬುವ ಕೆಲಸ ಪ್ರೌಢಶಾಲೆಯ ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರ ಪಾಲಿಗೆ ಬರುತ್ತದೆ, ಅದಕ್ಕೆ ಅಂಕವಿಲ್ಲದಿದ್ದರೂ.

ಅಕ್ಷರದ ಆಟ, ಅಕ್ಕಿಯ ಪಾಠ

ಡಿಎನ್‌ಎಯ ಸಂದೇಶವನ್ನು ಕೋಶ ಮೂರು ಮೂರು ಬೇಸ್‌ಗಳಾಗಿ ಓದುತ್ತದೆ. ಕೋಡಾನ್ ಎಂಬ ಪ್ರತಿ ಮೂರರ ಗುಂಪು ಒಂದು ಅಮೈನೊ ಆಮ್ಲವನ್ನು ಸೂಚಿಸುತ್ತದೆ, ಇಲ್ಲವೇ ಓದು ಮುಗಿಯಿತೆಂದು ಹೇಳುತ್ತದೆ. ಇದನ್ನು ಕಲಿಸಲು ಮೂರಕ್ಷರದ ಪದಗಳ ಕನ್ನಡ ವಾಕ್ಯವೊಂದು ಸಾಕು: ‘ಅವನ ಮಗಳು ಕಮಲ ಬಹಳ ಸರಳ’. ಮೊದಲ ಪದದ ‘ನ’ ಹೋಗಿ ‘ಳ’ ಬಂದರೆ ‘ಅವಳ ಮಗಳು’ ಆಗುತ್ತದೆ. ವಾಕ್ಯ ಸರಿಯಾಗಿಯೇ ಇದೆ, ಅರ್ಥ ಬೇರೆ. ‘ಕಮಲ’ದ ಜಾಗದಲ್ಲಿ ಪೂರ್ಣವಿರಾಮ ಬಿದ್ದರೆ ವಾಕ್ಯ ಅರ್ಧಕ್ಕೇ ಕಡಿಯುತ್ತದೆ. ‘ಗ’ ಒಂದನ್ನು ತೆಗೆದು, ಉಳಿದುದನ್ನು ಮತ್ತೆ ಮೂರು ಮೂರಾಗಿ ಓದಿದರೆ ‘ಅವನ ಮಳುಕ ಮಲಬ ಹಳಸ ರಳ’ ಎಂದು ಕೇಳುತ್ತದೆ. ಅಲ್ಲಿಂದಾಚೆಗೆ ಎಲ್ಲವೂ ಹಾಳು. ‘ಮಗಳು’ ಎಂಬ ಮೂರಕ್ಷರವನ್ನೇ ಪೂರ್ತಿ ತೆಗೆದರೆ ‘ಅವನ ಕಮಲ ಬಹಳ ಸರಳ’ ಉಳಿಯುತ್ತದೆ. ಒಂದು ಪದ ಕಡಿಮೆಯಾಯಿತು, ಓದಿನ ಚೌಕಟ್ಟು ಕದಲಲಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಅತಿ ಸಾಮಾನ್ಯ ಕಾರಣ ಇಂಥದೇ ಮೂರು ಬೇಸ್‌ಗಳ ಲೋಪ. ಅದರಿಂದ ಪ್ರೋಟೀನಿನ 508ನೆಯ ಅಮೈನೊ ಆಮ್ಲ ಇಲ್ಲವಾಗುತ್ತದೆ. ಚೌಕಟ್ಟು ಉಳಿದ ಮಾತ್ರಕ್ಕೆ ಹಾನಿ ತಪ್ಪಿತೆಂದಲ್ಲ ಎಂಬುದಕ್ಕೂ ಅದೇ ನಿದರ್ಶನ.

ಆಟದಲ್ಲಿ ಇನ್ನೊಂದು ಹೆಜ್ಜೆಯಿದೆ. ‘ಗ’ ತೆಗೆದ ವಾಕ್ಯದಿಂದ ಮುಂದಿನ ‘ಕಮ’ವನ್ನೂ ತೆಗೆದರೆ ‘ಅವನ ಮಳುಲ ಬಹಳ ಸರಳ’ ಆಗುತ್ತದೆ. ಒಂದು ಪದ ಕೆಟ್ಟಿತು, ಆದರೆ ‘ಬಹಳ ಸರಳ’ ಮರಳಿ ಬಂತು. ಎರಡನೆಯ ತಪ್ಪು ಮೊದಲನೆಯದನ್ನು ಸರಿಪಡಿಸುವುದು ಪ್ರಕೃತಿಯಲ್ಲೂ ನಡೆದಿದೆ, ಅದೂ ಊಟದ ತಟ್ಟೆಯಲ್ಲಿರುವ ಅನ್ನದಲ್ಲಿ.

ಕಾಡುಭತ್ತದ ಅಕ್ಕಿ ಕೆಂಪು. ಕರಾವಳಿಯ ಕಜೆ ಅಕ್ಕಿಯೂ ಕೆಂಪು. ಕುಚ್ಚಲಕ್ಕಿ ಕೆಂಪಗಿರುವುದು ಭತ್ತವನ್ನು ಬೇಯಿಸಿದ್ದರಿಂದ ಎಂದು ಎಷ್ಟೋ ಮಕ್ಕಳು ನಂಬಿದ್ದಾರೆ. ಬೇಯಿಸಿದರೆ ಬರುವುದು ನಸುಹಳದಿ ಬಣ್ಣ ಮಾತ್ರ. ಕೆಂಪು ಇರುವುದು ಕಾಳಿನ ಹೊರಪದರದಲ್ಲಿ. ಆ ಬಣ್ಣ ಮೂಡಲು ಆರ್‌ಸಿ ಎಂಬ ಜೀನ್ ಕೆಲಸ ಮಾಡಬೇಕು. ಬಿಳಿ ಅಕ್ಕಿಯ ತಳಿಗಳಲ್ಲಿ ಬಹುಪಾಲಿಗೆ ಈ ಜೀನಿನಲ್ಲಿ 14 ಬೇಸ್‌ಗಳು ಒಟ್ಟಿಗೆ ಬಿಟ್ಟುಹೋಗಿವೆ ಎಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹದಿನಾಲ್ಕು ಮೂರರಿಂದ ಭಾಗವಾಗುವುದಿಲ್ಲ. ಹಾಗಾಗಿ ಚೌಕಟ್ಟು ಜರುಗಿ, ಪ್ರೋಟೀನು ಅರ್ಧದಲ್ಲೇ ನಿಂತು, ಬಣ್ಣ ಮೂಡುವುದಿಲ್ಲ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಗದ್ದೆಯಲ್ಲಿ ಆದ ಈ ಲೋಪವನ್ನು ರೈತರು ಇಷ್ಟಪಟ್ಟು ಉಳಿಸಿಕೊಂಡರು. ಬೆಳ್ತಿಗೆ ಅಕ್ಕಿಯ ಅನ್ನ, ಇಡ್ಲಿ, ನೀರುದೋಸೆಯ ಬಿಳಿಪಿನ ಹಿಂದೆ ಇರುವುದು ಅದೇ. ಅಮೆರಿಕದ ವೆಲ್ಸ್ ಎಂಬ ಬಿಳಿ ಅಕ್ಕಿ ತಳಿಯಲ್ಲಿ ಒಮ್ಮೆ ಕೆಂಪು ಕಾಳು ಕಾಣಿಸಿತು. ಹುಡುಕಿ ನೋಡಿದಾಗ, 14 ಬೇಸ್‌ಗಳ ಲೋಪದ ಸಮೀಪದಲ್ಲೇ ಇನ್ನೊಂದು ಬೇಸ್ ಬಿದ್ದುಹೋಗಿತ್ತು. ಒಟ್ಟು 15. ಚೌಕಟ್ಟು ಮತ್ತೆ ಹಳಿಗೆ ಬಂದು ಬಣ್ಣ ಮರಳಿತ್ತು. 2008ರಲ್ಲಿ ವರದಿಯಾದ ಈ ಸಂಗತಿಗಿಂತ ಒಳ್ಳೆಯ ಪರೀಕ್ಷಾ ಪ್ರಶ್ನೆ ಸಿಗುವುದು ಕಷ್ಟ. ಹತ್ತನೆಯ ತರಗತಿಯ ಹುಡುಗಿಯೂ ಮೂರರ ಮಗ್ಗಿಯಿಂದಲೇ ಅದನ್ನು ಬಿಡಿಸಬಲ್ಲಳು.

ಬಿಳಿ ಅಕ್ಕಿಯನ್ನು ದೋಷವೆನ್ನಬೇಕೇ? ಕಾಡಿನಲ್ಲಿ ಬದುಕಬೇಕಾದ ಭತ್ತಕ್ಕೆ ಅದು ನಷ್ಟವೇ ಇರಬಹುದು. ಗದ್ದೆಯಲ್ಲಿ ಅದಕ್ಕೆ ರಾಜಯೋಗ. ಹಸಿರು ಕ್ರಾಂತಿಯ ಗಿಡ್ಡ ತಳಿಗಳದ್ದೂ ಇದೇ ಕಥೆ. ಐಆರ್-8 ಮತ್ತು 1968ರಲ್ಲಿ ಬಿಡುಗಡೆಯಾದ ಜಯ ತಳಿಗಳು ಗಿಡ್ಡವಾದದ್ದು ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ತಯಾರಿಸುವ ಜೀನಿನಲ್ಲಿ 383 ಬೇಸ್‌ಗಳು ಇಲ್ಲವಾದ್ದರಿಂದ. ಬುಡ ಗಟ್ಟಿಯಾದ ಪೈರು ಗೊಬ್ಬರ ಹಾಕಿದರೂ ಮಲಗದೆ ತೆನೆ ಹೊತ್ತು ನಿಂತಿತು.

ತೋಟದಲ್ಲಿ

ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಸಿಕ್ಕ ಗಿಡ್ಡ ಅಡಿಕೆ ಮರ ಸಹಜವಾಗಿ ಹುಟ್ಟಿದ ಉತ್ಪರಿವರ್ತಿತ ತಳಿ. ‘ಹಿರೇಹಳ್ಳಿ ಡ್ವಾರ್ಫ್’ ಎಂದೇ ಅದು ಪ್ರಸಿದ್ಧ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರ ಇದನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳೊಂದಿಗೆ ಅಡ್ಡಹಾಯಿಸಿ ಎರಡು ಗಿಡ್ಡ ಸಂಕರ ತಳಿಗಳನ್ನು ಹೊರತಂದಿದೆ. ಮರ ಹತ್ತಿ ಗೊನೆ ಇಳಿಸುವವರು ಸಿಗುತ್ತಿಲ್ಲ ಎಂಬ ದೂರು ಪ್ರತಿ ತೋಟದಲ್ಲೂ ಇರುವ ಜಿಲ್ಲೆಯಲ್ಲಿ, ಎತ್ತರ ಬೆಳೆಯಲಾರದ ಮರ ಯಾರಿಗೆ ಲಾಭ ಎಂದು ವಿವರಿಸಬೇಕಾಗಿಲ್ಲ. ಹಿರೇಹಳ್ಳಿಯ ಮೂಲ ಮರದ ಕಾಯಿಯ ಗುಣಮಟ್ಟ ಅಷ್ಟಕ್ಕಷ್ಟೆ. ಉತ್ಪರಿವರ್ತನೆ ತಂದುಕೊಟ್ಟದ್ದು ಗಿಡ್ಡತನವೊಂದನ್ನೇ. ಉಳಿದದ್ದನ್ನು ತಳಿವಿಜ್ಞಾನಿಗಳು ಬೇರೆ ಮರಗಳಿಂದ ಕೂಡಿಸಬೇಕಾಯಿತು.

ಕ್ರೋಮೋಸೋಮ್‌ಗಳ ಲೆಕ್ಕಕ್ಕೆ ಬಾಳೆಯೇ ಸಾಕು. ಬೀಜ ತುಂಬಿದ ಕಾಡುಬಾಳೆಯ ಕೋಶದಲ್ಲಿ 22 ಕ್ರೋಮೋಸೋಮ್‌ಗಳು, ಹನ್ನೊಂದರ ಎರಡು ಪ್ರತಿ. ಪಚ್ಚಬಾಳೆ ಮತ್ತು ಚಿಪ್ಸಿಗೆ ಒದಗುವ ನೇಂದ್ರದಲ್ಲಿ 33. ಮೂರು ಪ್ರತಿಗಳು ಜೋಡಿ ಜೋಡಿಯಾಗಿ ಬೇರ್ಪಡಲಾರವು. ಸರಿಯಾದ ಲಿಂಗಾಣು ಆಗುವುದಿಲ್ಲ, ಬೀಜ ಕಟ್ಟುವುದಿಲ್ಲ. ಬಾಳೆಯನ್ನು ಕಂದಿನಿಂದಲೇ ನೆಡಬೇಕಾದ ಕಾರಣಗಳಲ್ಲಿ ಇದೂ ಒಂದು. ಹಣ್ಣನ್ನು ಹಿಚುಕಿ ಉಪ್ಪು, ಪಾತ್ರೆ ತೊಳೆಯುವ ಸೋಪಿನ ನೀರು, ತಣ್ಣನೆಯ ಸ್ಪಿರಿಟ್ ಸೇರಿಸಿ ಡಿಎನ್‌ಎಯ ಬಿಳಿ ಎಳೆಗಳನ್ನು ಕಡ್ಡಿಗೆ ಸುತ್ತಿ ತೆಗೆಯುವ ಪ್ರಯೋಗವೂ ಇದೇ ಹಣ್ಣಿನಲ್ಲಿ ನಡೆಯುತ್ತದೆ. ಹಾಗೆ ಎಳೆ ಕಂಡ ಮಕ್ಕಳು ಅದರಲ್ಲೇ ಉತ್ಪರಿವರ್ತನೆಯೂ ಕಾಣುತ್ತದೆಂದುಕೊಳ್ಳುವುದುಂಟು. ಕಾಣುವುದಿಲ್ಲ, ಅದಕ್ಕೆ ಅನುಕ್ರಮಣಿಕೆ ಓದುವ ಯಂತ್ರ ಬೇಕು.

ಮಲೇರಿಯಾದ ಊರಿನಲ್ಲಿ

1990ರ ದಶಕದಿಂದ ಮಂಗಳೂರು ಮಲೇರಿಯಾಕ್ಕೆ ಕುಖ್ಯಾತ. ಕಟ್ಟಡ ಕಾಮಗಾರಿಗಳ ನಿಂತ ನೀರು ಸೊಳ್ಳೆಗಳಿಗೆ ಮನೆಯಾಯಿತು. ಇಲ್ಲಿನ ಪ್ರಕರಣಗಳಲ್ಲಿ ಹೆಚ್ಚಿನವು ವೈವ್ಯಾಕ್ಸ್ ಬಗೆಯವು. ಪಠ್ಯಪುಸ್ತಕದಲ್ಲಿ ಮಲೇರಿಯಾ ಮತ್ತು ಉತ್ಪರಿವರ್ತನೆಯ ನಂಟು ಬರುವುದು ಕುಡುಗೋಲು ಕಣದ ಮೂಲಕ, ಅದು ರಕ್ಷಣೆ ಕೊಡುವುದು ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ವಿರುದ್ಧ. ಬಜಪೆಯ ವಿದ್ಯಾರ್ಥಿಗೆ ಇನ್ನೂ ಹತ್ತಿರದ್ದು ಡಫಿ ಎಂಬ ಪ್ರೋಟೀನಿನ ಕಥೆ. ವೈವ್ಯಾಕ್ಸ್ ಪರಾವಲಂಬಿ ಕೆಂಪು ರಕ್ತಕಣದ ಮೇಲಿರುವ ಈ ಪ್ರೋಟೀನನ್ನು ಹಿಡಿದು ಒಳನುಗ್ಗುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಹುತೇಕ ಜನರ ಕೆಂಪುಕಣಗಳಲ್ಲಿ ಅದು ಇಲ್ಲ. ಅವರಿಗೆ ವೈವ್ಯಾಕ್ಸ್ ಅಪರೂಪ. ಕಾರಣ ಒಂದೇ ಬೇಸ್, ಟಿ ಇದ್ದಲ್ಲಿ ಸಿ. ಆ ಬೇಸ್ ಇರುವುದು ಪ್ರೋಟೀನಿನ ಸಂಕೇತದ ಒಳಗಲ್ಲ, ಜೀನಿಗೆ ಚಾಲನೆ ಕೊಡುವ ಮುಂಭಾಗದಲ್ಲಿ. ಹಾಗಾಗಿ ಪ್ರೋಟೀನು ಕೆಡುವುದಿಲ್ಲ. ಕೆಂಪುಕಣದಲ್ಲಿ ತಯಾರಾಗುವುದೇ ಇಲ್ಲ. ದೇಹದ ಬೇರೆ ಅಂಗಾಂಶಗಳಲ್ಲಿ ಎಂದಿನಂತೆ ಇರುತ್ತದೆ. ಭಾರತೀಯರಲ್ಲಿ ಈ ಬದಲಾವಣೆ ತೀರಾ ವಿರಳ.

ಕುಡುಗೋಲು ಕಣದ ವಿಷಯವನ್ನು ಕೈಬಿಡಬೇಕೆಂದಲ್ಲ. ಬೀಟಾ ಗ್ಲೋಬಿನ್ ಜೀನಿನಲ್ಲಿ ಜಿಎಜಿ ಇದ್ದದ್ದು ಜಿಟಿಜಿ ಆದಾಗ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂರುತ್ತದೆ. ಜಿಎಎ ಆಗಿದ್ದರೆ ಅದೇ ಗ್ಲುಟಾಮಿಕ್ ಆಮ್ಲ ಉಳಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದು ಅಣುಮಟ್ಟದ ಕಾಯಿಲೆಯೆಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು, ಬದಲಾದ ಅಮೈನೊ ಆಮ್ಲವನ್ನು ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಂ ಗುರುತಿಸಿದರು. 1954ರಲ್ಲಿ ಆಂಟನಿ ಆಲಿಸನ್ ಮಲೇರಿಯಾದ ನಂಟನ್ನು ಆಫ್ರಿಕದಲ್ಲಿ ಸ್ಥಾಪಿಸಿದರು. ಭಾರತದಲ್ಲಿ ಈ ಲಕ್ಷಣ ಮೊದಲು ಕಂಡದ್ದು 1952ರಲ್ಲಿ, ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟುಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲೂ ಅದು ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಇದನ್ನು ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿದೆ. ಎರಡು ಪ್ರತಿ ಇದ್ದವರಿಗೆ ನರಳಾಟ, ಒಂದೇ ಪ್ರತಿ ಇದ್ದವರಿಗೆ ಮಲೇರಿಯಾ ಕಾಡಿನಲ್ಲಿ ರಕ್ಷೆ. ಒಂದೇ ಬದಲಾವಣೆ ಒಳ್ಳೆಯದೂ ಕೆಟ್ಟದ್ದೂ ಆಗುವುದು ಇದ್ದ ನೆಲವನ್ನು ನೋಡಿ.

ವೈವ್ಯಾಕ್ಸ್ ಬಂದ ಮನೆಗಳಿಗೆ ಪ್ರಿಮಾಕ್ವಿನ್ ಮಾತ್ರೆ ಪರಿಚಿತ. ಯಕೃತ್ತಿನಲ್ಲಿ ಅಡಗಿದ ಪರಾವಲಂಬಿಯನ್ನು ಕೊಲ್ಲಲು ಅದನ್ನು 14 ದಿನ ನುಂಗಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆಯಿಂದ ಕೆಂಪುಕಣಗಳು ಒಡೆದುಹೋಗುವ ಅಪಾಯವಿದೆ. ಕಿಣ್ವದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡುಮಕ್ಕಳಲ್ಲಿ ಕೊರತೆ ಹೆಚ್ಚು. ಲಿಂಗಸಂಬಂಧಿ ಅನುವಂಶೀಯತೆಗೆ ವರ್ಣಾಂಧತೆಯೊಂದನ್ನೇ ಉದಾಹರಿಸುವುದು ರೂಢಿ. ಈ ಊರಿನಲ್ಲಿ ಮಾತ್ರೆಯ ಪಟ್ಟಿಯೇ ಹೆಚ್ಚು ಮನವರಿಕೆ ಮಾಡೀತು.

ಎಂಡೋಸಲ್ಫಾನ್ ಮತ್ತು ಹಂದಿಗೋಡು

ಕರಾವಳಿಯಲ್ಲಿ ಉತ್ಪರಿವರ್ತನೆಯ ಮಾತೆತ್ತಿದರೆ ತರಗತಿಯ ಮೊದಲ ಪ್ರಶ್ನೆ ಎಂಡೋಸಲ್ಫಾನ್ ಬಗ್ಗೆ ಬರುವುದು ಸಹಜ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ, ಬೆಳ್ತಂಗಡಿ ಸೀಮೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ 1980ರ ದಶಕದಿಂದ, 2000ದವರೆಗೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. ಗುರಿ ಚಹಾಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ. ಎಣ್ಮಕಜೆ ಪಂಚಾಯಿತಿಯ ಪಡ್ರೆಯ ಸುತ್ತಮುತ್ತ ಅಂಗವೈಕಲ್ಯ, ನರಸಂಬಂಧಿ ತೊಂದರೆಗಳು ಹೆಚ್ಚಿರುವುದನ್ನು ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ್‌ಕುಮಾರ್ ಗಮನಿಸಿದರು, ಪತ್ರಕರ್ತ ಶ್ರೀಪಡ್ರೆ ಹೊರಜಗತ್ತಿಗೆ ತಿಳಿಸಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ವಸ್ತುಗಳ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟು ಭಾರತದಲ್ಲಿ ತಡೆ ಹಾಕಿತು.

ಇಲ್ಲಿ ಶಿಕ್ಷಕರಿಗೆ ದೊಡ್ಡ ಹೊಣೆ ಇದೆ. ಹುಟ್ಟಿನಿಂದಲೇ ಇರುವ ತೊಂದರೆಯೆಲ್ಲ ಉತ್ಪರಿವರ್ತನೆಯಲ್ಲ. ಗರ್ಭದಲ್ಲಿ ಅಂಗಗಳು ರೂಪುಗೊಳ್ಳುವಾಗ ವಿಷವೊಂದು ಅಡ್ಡಬಂದರೆ ಮಗುವಿನ ದೇಹ ಕೆಡಬಹುದು, ಜೀನುಗಳು ಹಾಗೆಯೇ ಇರಬಹುದು. 1950ರ ದಶಕದ ಕೊನೆಯಲ್ಲಿ ಥಾಲಿಡೋಮೈಡ್ ಮಾತ್ರೆ ನುಂಗಿದ ಗರ್ಭಿಣಿಯರ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. ಆ ಮಕ್ಕಳು ಬೆಳೆದು ತಂದೆತಾಯಿಯರಾದಾಗ ಆ ಲಕ್ಷಣ ಮುಂದಿನ ತಲೆಮಾರಿಗೆ ಹೋಗಲಿಲ್ಲ. ಎಂಡೋಸಲ್ಫಾನ್ ನರಮಂಡಲಕ್ಕೆ ವಿಷ, ಹಾರ್ಮೋನುಗಳ ಕೆಲಸಕ್ಕೂ ಅಡ್ಡಿ. ಡಿಎನ್‌ಎಗೆ ಅದು ನೇರ ಹಾನಿ ಮಾಡುತ್ತದೆಯೇ ಎಂಬುದರಲ್ಲಿ ಪ್ರಯೋಗಾಲಯಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ. ‘ಎಂಡೋಸಲ್ಫಾನ್ ಸಂತ್ರಸ್ತರ ಜೀನೇ ಕೆಟ್ಟಿದೆ’ ಎಂಬ ಸಡಿಲ ಮಾತು ಮದುವೆಯ ಮಾತುಕತೆಯವರೆಗೂ ಹೋಗಿ ಕುಟುಂಬಗಳನ್ನು ಸುಡಬಲ್ಲದು. ಹಾಗಾಗಿ ಈ ವ್ಯತ್ಯಾಸವನ್ನು ನಿಧಾನವಾಗಿ, ಎರಡೆರಡು ಬಾರಿ ಹೇಳಬೇಕು.

ಎಂಡೋಸಲ್ಫಾನ್ ಗುಂಪಿನ ಕೀಟನಾಶಕಗಳಿಗೂ ಉತ್ಪರಿವರ್ತನೆಗೂ ಗಟ್ಟಿಯಾಗಿ ಸಾಬೀತಾದ ನಂಟು ಇರುವುದು ಕೀಟಗಳ ಕಡೆ. ಇವು ಕೀಟದ ನರದಲ್ಲಿರುವ ಗಾಬಾ ಗ್ರಾಹಕವನ್ನು ಕಟ್ಟಿಹಾಕುತ್ತವೆ. ಆ ಗ್ರಾಹಕದ 302ನೆಯ ಸ್ಥಾನದಲ್ಲಿ ಅಲನೀನ್ ಹೋಗಿ ಸೆರೀನ್ ಬಂದರೆ ವಿಷ ನಾಟುವುದಿಲ್ಲವೆಂದು 1993ರಲ್ಲಿ ಹಣ್ಣಿನ ನೊಣದಲ್ಲಿ ಕಂಡುಬಂತು. ಬೇರೆ ಕೀಟಗಳಲ್ಲೂ ಅದೇ ಜಾಗದ ಬದಲಾವಣೆ ಸಿಕ್ಕಿತು. ಸಿಂಪಡಣೆ ಆ ಬದಲಾವಣೆಯನ್ನು ಹುಟ್ಟಿಸಲಿಲ್ಲ. ಮೊದಲೇ ಎಲ್ಲೋ ಒಂದೆರಡು ಕೀಟಗಳಲ್ಲಿದ್ದ ಅದನ್ನು ಉಳಿಸಿ, ಉಳಿದವನ್ನು ಕೊಂದಿತು. ‘ಔಷಧಿಗೆ ಒಗ್ಗಿಕೊಳ್ಳಲು ಕೀಟ ತನ್ನನ್ನು ಬದಲಿಸಿಕೊಂಡಿತು’ ಎಂಬ ಉತ್ತರ ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲೂ ಪದವಿ ತರಗತಿಯಲ್ಲೂ ಒಂದೇ ಸಮನೆ ಕಾಣುತ್ತದೆ. ಅಗತ್ಯ ನೋಡಿ ಉತ್ಪರಿವರ್ತನೆ ಬರುವುದಿಲ್ಲ ಎಂಬುದನ್ನು ಲೂರಿಯಾ ಮತ್ತು ಡೆಲ್‌ಬ್ರುಕ್ 1943ರಲ್ಲೇ ಬ್ಯಾಕ್ಟೀರಿಯಾಗಳಲ್ಲಿ ತೋರಿಸಿದ್ದರು.

ಘಟ್ಟದ ಮೇಲಿನ ಹಂದಿಗೋಡಿನ ಕಥೆ ಪಡ್ರೆಯದಕ್ಕೆ ತಿರುಗುಮುರುಗು. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ, ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದೆ ಕೂರುವ ಕಾಯಿಲೆ ಬೆಳಕಿಗೆ ಬಂತು. ಕೆಲವರು ಕುಳ್ಳಾಗಿಯೇ ಉಳಿಯುತ್ತಿದ್ದರು. ನರಳಿದವರು ಬಡ ದಲಿತ ಕುಟುಂಬಗಳ ಗದ್ದೆ ಕೂಲಿಗಳು. ಗದ್ದೆಯ ಏಡಿ ತಿನ್ನುವವರು, ಗದ್ದೆಗೆ ಕೀಟನಾಶಕ ಬಿದ್ದಿದೆ. ಸಂಶಯ ಅತ್ತ ಹರಿದದ್ದು ಸಹಜ. ಮುಂದೆ ಮನೆ ಮನೆಯ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದಾಗ, ಪ್ರಬಲ ಜೀನಿನಿಂದ ಬರುವ ಎಲುಬಿನ ಬೆಳವಣಿಗೆಯ ಕಾಯಿಲೆಯ ಚಿತ್ರ ಮೂಡಿತು: ಕಾಯಿಲೆಯವರ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ, ಗಂಡುಹೆಣ್ಣೆಂಬ ಭೇದವಿಲ್ಲದೆ. ಒಂದೇ ಕುಟುಂಬದವರು ಒಂದೇ ಗದ್ದೆಯಲ್ಲಿ ದುಡಿದು ಒಂದೇ ಊಟ ಉಂಡಿರುವಾಗ ಜೀನನ್ನೂ ಪರಿಸರವನ್ನೂ ಬಿಡಿಸುವ ಬಗೆ ಯಾವುದು? ಆ ಕುಟುಂಬದಿಂದ ದೂರ ಹೋದವರನ್ನು, ಹೊರಗಿನಿಂದ ಮದುವೆಯಾಗಿ ಬಂದವರನ್ನು ನೋಡಬೇಕು. ಸೊಸೆಗೆ ಬಾರದ್ದು ಮಗಳಿಗೆ ಬಂದರೆ ಅದು ಒಂದು ಸುಳಿವು. ಪಡ್ರೆ ಮತ್ತು ಹಂದಿಗೋಡುಗಳನ್ನು ಅಕ್ಕಪಕ್ಕ ಇಟ್ಟು ಕಲಿಸುವ ಒಂದು ಪೀರಿಯಡ್, ಸಿಂಡ್ರೋಮ್‌ಗಳ ಪಟ್ಟಿಯ ಹತ್ತು ಪೀರಿಯಡ್‌ಗಳಿಗಿಂತ ಹೆಚ್ಚು ವಿಜ್ಞಾನ ಕಲಿಸುತ್ತದೆ.

ಬಳಿ, ಗೋತ್ರ, ವಂಶಾವಳಿ

ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯ ಆಸ್ತಿಹಕ್ಕು ಕಾನೂನುಗಳಿಂದ ಸವೆದರೂ ಬಳಿ ಉಳಿದಿದೆ. ತುಳುವಿನಲ್ಲಿ ಅದು ಬರಿ. ಮಗುವಿನ ಬಳಿ ತಾಯಿಯದು. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಮೈಟೊಕಾಂಡ್ರಿಯದ ಡಿಎನ್‌ಎ ಸಾಗುವ ದಾರಿಯೂ ಇದೇ: 16,569 ಬೇಸ್‌ಗಳ ಆ ಸಣ್ಣ ಉಂಗುರ ತಾಯಿಯಿಂದ ಮಕ್ಕಳಿಗೆ, ಮುಂದೆ ಮಗಳ ಮಕ್ಕಳಿಗೆ ಮಾತ್ರ ಹೋಗುತ್ತದೆ. ಅದರ 11,778ನೆಯ ಸ್ಥಾನದಲ್ಲಿ ಜಿ ಬದಲು ಎ ಬಂದರೆ ಲೀಬರ್ ಕಾಯಿಲೆಯಲ್ಲಿ ಯುವಕರ ದೃಷ್ಟಿ ಕುಂದಬಹುದು. ಆ ಯುವಕನ ಮಕ್ಕಳಿಗೆ ಅದು ಹೋಗುವುದಿಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗಬಹುದು. ಮನೆಯಲ್ಲಿ ಬಳಿಯ ಲೆಕ್ಕ ಕೇಳಿ ಬೆಳೆದವರಿಗೆ ಈ ನಕ್ಷೆ ಬಿಡಿಸುವುದು ಸುಲಭ. ಗೋತ್ರ ನೋಡುವ ಮನೆಯ ಮಕ್ಕಳಿಗೆ ವೈ ಕ್ರೋಮೋಸೋಮಿನ ದಾರಿ ಹಾಗೆಯೇ ಹೊಳೆಯುತ್ತದೆ. ಕೇರಳದ ಕೊಲ್ಲಂ ತೀರದ ಥೋರಿಯಂ ಮರಳಿನ ಊರುಗಳಲ್ಲಿ ತಾಯಿಯ ಸಾಲಿನ ಕುಟುಂಬಗಳ ಮೈಟೊಕಾಂಡ್ರಿಯವನ್ನು ಹೋಲಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ವಿಕಿರಣ ಕಡಿಮೆ ಇರುವ ನೆರೆಯ ಊರುಗಳಿಗಿಂತ ಅಲ್ಲಿ ಬದಲಾವಣೆಗಳು ಹೆಚ್ಚು ಕಂಡವು. ಅದೇ ತೀರದಲ್ಲಿ ಕ್ಯಾನ್ಸರ್ ಮಾತ್ರ ಹೆಚ್ಚಿರುವುದು ಕಂಡುಬಂದಿಲ್ಲ.

ಬಳಿಯ ನಿಯಮ ಎಲ್ಲವನ್ನೂ ಕಾಯುತ್ತದೆ ಎಂಬ ಹೆಮ್ಮೆಗೆ ಇಲ್ಲಿ ಸ್ವಲ್ಪ ಕಡಿವಾಣ ಬೇಕು. ಸೋದರಮಾವ ಮತ್ತು ಸೋದರಸೊಸೆ ಒಂದೇ ಬಳಿಯವರಾದ್ದರಿಂದ, ಘಟ್ಟದ ಮೇಲೆ ನಡೆಯುವ ಆ ಮದುವೆಗೆ ಇಲ್ಲಿ ಅವಕಾಶವಿಲ್ಲ. ಆದರೆ ಅತ್ತೆಯ ಮಗಳು, ಮಾವನ ಮಗಳು ಬೇರೆ ಬಳಿಯವರು. ಅವರೊಂದಿಗೆ ಮದುವೆ ಆಗಬಹುದು. ಅಂಥ ದಂಪತಿಯ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 16ರಲ್ಲಿ ಒಂದು; ಸೋದರಮಾವನ ಮದುವೆಯಲ್ಲಿ ಅದು 8ರಲ್ಲಿ ಒಂದು. ಅಪ್ರಬಲ ಕಾಯಿಲೆಗಳಿಗೆ ಬಳಿ ಗೊತ್ತಿಲ್ಲ.

ಅಡಿಕೆ ಇನ್ನೊಮ್ಮೆ

ದೇಹದ ಕೋಶದಲ್ಲಿ ಆಗುವ ಬದಲಾವಣೆ ಆ ದೇಹದೊಂದಿಗೇ ಮುಗಿಯುತ್ತದೆ. ಲಿಂಗಾಣುವಿನಲ್ಲಿ ಆದದ್ದು ಮಾತ್ರ ಮಕ್ಕಳಿಗೆ ದಾಟುತ್ತದೆ. ಈ ಭೇದಕ್ಕೆ ಹತ್ತಿರದ ನಿದರ್ಶನ ಬಾಯಿಯ ಕ್ಯಾನ್ಸರ್. ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಐಎಆರ್‌ಸಿ 2004ರಲ್ಲಿ ಮೊದಲ ಗುಂಪಿಗೆ ಸೇರಿಸಿತು. ಕೆನ್ನೆಯ ಒಳಪದರದ ಕೋಶಗಳಲ್ಲಿ ಟಿಪಿ53ರಂಥ ಕಾವಲು ಜೀನುಗಳು ಕೆಡುತ್ತ ಹೋಗಿ ಕ್ಯಾನ್ಸರ್ ಬೆಳೆಯುತ್ತದೆ. ಶಾಲೆಯ ಶುಲ್ಕ ಅಡಿಕೆಯಿಂದಲೇ ಬರುವ ಜಿಲ್ಲೆಯಲ್ಲಿ ಇದನ್ನು ಹೇಳುವುದಕ್ಕೆ ಶಿಕ್ಷಕರು ಹಿಂಜರಿದರೆ ಆಶ್ಚರ್ಯವಿಲ್ಲ. ಹೇಳಬೇಕು. ಬೆಳೆಯುವವರ ಮರ್ಯಾದೆ ಕೆಡದಂತೆ ಹೇಳಲು ಸಾಧ್ಯವಿದೆ, ಅದೇ ತೋಟದ ಗಿಡ್ಡ ಮರವನ್ನು ಮೊದಲೇ ಕಲಿಸಿದ್ದರೆ ಇನ್ನೂ ಸಲೀಸು.

ಇತಿಹಾಸ, ನೆರೆಯ ಸಂಸ್ಥೆಗಳು

ಹ್ಯೂಗೊ ಡಿ ವ್ರೀಸ್ 1901ರಲ್ಲಿ ಸಿದ್ಧಾಂತವಾಗಿ ಮಂಡಿಸಿದ ಉತ್ಪರಿವರ್ತನೆಗೆ ನೆಲೆ ಸಿಕ್ಕಿದ್ದು 1910ರಲ್ಲಿ ಮಾರ್ಗನ್‌ಗೆ ಬಿಳಿಗಣ್ಣಿನ ಹಣ್ಣಿನ ನೊಣ ಸಿಕ್ಕಾಗ. 1927ರಲ್ಲಿ ಹರ್ಮನ್ ಮುಲ್ಲರ್ ಎಕ್ಸ್‌ಕಿರಣದಿಂದ ಉತ್ಪರಿವರ್ತನೆ ಹೆಚ್ಚುವುದನ್ನು ತೋರಿಸಿ 1946ರ ನೊಬೆಲ್ ಪಡೆದರು. ಕರ್ನಾಟಕದಲ್ಲಿ ನೊಣದ ಪರಂಪರೆ ಮೈಸೂರಿನದು. ಅಲ್ಲಿನ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ.ಆರ್. ರಾಜಶೇಖರ ಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್ ಮೊದಲಾದವರು ಡ್ರೋಸೋಫಿಲ ಎಂಬ ಹಣ್ಣಿನ ನೊಣದ ಅಧ್ಯಯನವನ್ನು ಬೆಳೆಸಿದರು. ನೊಣದ ತಳಿಗಳನ್ನು ಕಾಪಿಡುವ ಕೇಂದ್ರವೂ ಅಲ್ಲಿದೆ. ಮಂಗಳೂರಿನ ಹತ್ತಿರ, ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿರುವ ಮೈಕ್ರೊಟ್ರಾನ್ 8 ಎಂಇವಿ ಶಕ್ತಿಯ ಇಲೆಕ್ಟ್ರಾನ್ ವೇಗೋತ್ಕರ್ಷಕ. ವಿಕಿರಣ ಜೀವವಿಜ್ಞಾನದ ಪ್ರಯೋಗಗಳಿಗೂ ಅದು ಒದಗಿದೆ.

ವಾಮಂಜೂರಿನ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮಕ್ಕೆ ಶಾಲಾ ಪ್ರವಾಸ ಹೋಗದ ಮಕ್ಕಳು ಇಲ್ಲಿ ಕಡಿಮೆ. ಮೃಗಾಲಯದ ಮುಂದೆ ನಿಂತು ಕೇಳಬಹುದಾದ ಪ್ರಶ್ನೆ: ಕರಿಚಿರತೆ ಬೇರೆ ಪ್ರಾಣಿಯೇ? ಅಲ್ಲ, ಎಎಸ್‌ಐಪಿ ಎಂಬ ಜೀನಿನ ಕೆಟ್ಟ ಪ್ರತಿಯನ್ನು ಎರಡೂ ಕಡೆಯಿಂದ ಪಡೆದ ಸಾಮಾನ್ಯ ಚಿರತೆ. ಪಶ್ಚಿಮ ಘಟ್ಟದಂಥ ಮಳೆಕಾಡುಗಳಲ್ಲಿ ಅವು ಹೆಚ್ಚು. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆ ಹರಡಿ ಕಪ್ಪಾಗಿ ಕಾಣುವ ಹುಲಿಗಳ ಕಾರಣವನ್ನು 2021ರಲ್ಲಿ ಕಂಡುಹಿಡಿದದ್ದು ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ತಂಡ. ಟಾಕ್ಪೆಪ್ ಎಂಬ ಜೀನಿನಲ್ಲಿ ಒಂದು ಬದಲಾವಣೆ. ಹೊರಗಿನ ಸಂಪರ್ಕ ಕಡಿದ ಪುಟ್ಟ ಗುಂಪಿನಲ್ಲಿ ಅದು ಆಕಸ್ಮಿಕವಾಗಿ ಹೆಚ್ಚಿತು. ವೈರಸ್ಸಿನ ಉತ್ಪರಿವರ್ತನೆಗಳಿಂದ ಹುಟ್ಟಿದ ಕೊರೊನಾ ಕಾಲದ ರೂಪಾಂತರಿಗಳು ಮಕ್ಕಳ ನೆನಪಿನಲ್ಲಿ ಈಗಾಗಲೇ ಮಸುಕು. ದೇಶದ ಮೊದಲ ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದದ್ದು 2021ರ ಡಿಸೆಂಬರ್ 2ರಂದು ಎಂಬುದನ್ನು ಹೇಳಿ ಮುಂದೆ ಹೋಗಬಹುದು.

ತರಗತಿಯ ಎಚ್ಚರಗಳು

ಗ್ರಹಣ ನೋಡಿದ ಗರ್ಭಿಣಿಗೆ ಸೀಳುತುಟಿಯ ಮಗು ಹುಟ್ಟುತ್ತದೆ, ತೊನ್ನು ನಾಗದೋಷ ಎಂಬ ನಂಬಿಕೆಗಳು ಜಿಲ್ಲೆಯಲ್ಲಿ ಜೀವಂತ. ಮನೆಯವರು ನಾಗದೋಷಕ್ಕೆಂದು ಆಶ್ಲೇಷಾ ಬಲಿ ಮಾಡಿಸಿ ಬಂದ ಹುಡುಗನ ಎದುರು ಅದನ್ನು ಗೇಲಿ ಮಾಡಿದರೆ ಪಾಠ ಅಲ್ಲಿಗೇ ಕೆಡುತ್ತದೆ. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣದ ಕೋಶಗಳನ್ನು ನಾಶಮಾಡುತ್ತದೆ. ಹುಟ್ಟಿನಿಂದ ಮೈಯೆಲ್ಲ ಬಿಳಿಯಾಗಿರುವ ಆಲ್ಬಿನಿಸಂನಲ್ಲಿ ಕೋಶಗಳಿವೆ, ಬಣ್ಣ ತಯಾರಿಸುವ ಜೀನ್ ಕೆಟ್ಟಿದೆ. ಎರಡನ್ನೂ ಶಾಂತವಾಗಿ ವಿವರಿಸಿದರೆ, ಯಾವುದೂ ತಾಯಿಯ ತಪ್ಪಲ್ಲ ಎಂಬುದು ತಾನೇ ಹೊರಬರುತ್ತದೆ.

ಮನೆಯವರ ವಂಶಾವಳಿ ಬರೆದು ತನ್ನಿ ಎಂಬ ಹೋಂವರ್ಕ್ ಬೇಡ. ದತ್ತು ಮಗು, ಬಿಟ್ಟುಹೋದ ತಂದೆ, ಬಚ್ಚಿಟ್ಟ ಕಾಯಿಲೆಗಳೆಲ್ಲ ನೋಟುಪುಸ್ತಕದಲ್ಲಿ ಬಯಲಾಗುತ್ತವೆ. ಕಲ್ಪಿತ ಕುಟುಂಬ ಸಾಕು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ಪಠ್ಯ ಮಕ್ಕಳ ಕಿವಿಯ ಹಾಲೆ ಅಂಟಿದೆಯೋ ಬಿಡಿಯೋ ಎಂದು ಎಣಿಸಿ, ಪೋಷಕರದ್ದರೊಂದಿಗೆ ಹೋಲಿಸುವ ಚಟುವಟಿಕೆ ಕೊಟ್ಟಿತ್ತು. ಹಾಲೆಯ ಆಕಾರವನ್ನು ಹಲವು ಜೀನುಗಳು ಸೇರಿ ನಿರ್ಧರಿಸುತ್ತವೆ; ಒಂದೇ ಜೀನಿನ ಪ್ರಬಲ-ಅಪ್ರಬಲ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಲೆಕ್ಕ ತಾಳೆಯಾಗದ ಮಗುವೊಂದು ಆ ಸಂಜೆ ಮನೆಯಲ್ಲಿ ಏನು ಕೇಳೀತೆಂದು ಚಟುವಟಿಕೆ ಬರೆದವರು ಯೋಚಿಸಿದಂತಿಲ್ಲ. ಹಾಲೆಯ ಬದಲು ಕೆಂಪು ಮತ್ತು ಬಿಳಿ ಅಕ್ಕಿಯ ಒಂದೊಂದು ಹಿಡಿ ಮೇಜಿನ ಮೇಲಿಟ್ಟರೆ ಎಣಿಸಲು, ಹೋಲಿಸಲು, ಪ್ರಬಲ ಯಾವುದೆಂದು ಊಹಿಸಲು ಎಲ್ಲವೂ ಅದರಲ್ಲಿದೆ. ಕೆಂಪು ಪ್ರಬಲ.